ನಮ್ಮ ಮುದುಕಿ ಧಾರವಾಡಕ್ಕ ಯಾವಾಗ ಹೋಗಿದ್ಳು?

ಇದನ್ನ ಬರೀಬೇಕು ಅಂದುಕೊಂಡು ತುಂಬ ದಿನ ಆಯ್ತು. ಮೊನ್ನೆ ಊರಿಂದ ಬಂದಿದ್ದ ಅಮ್ಮ ಮಂಚದ ಕೆಳಗೆ ಗುಡಿಸೋಕೆ ಹೋಗಿ ರಟ್ಟಿನ ಡಬ್ಬಕ್ಕೆ ಕೈ ತಗುಲಿಸಿಕೊಂಡು, "ಇನ್ನೂ ಏಟ್ ಉಳ್ದವ್ಲಾ ನಿಮ್ ಕತೆ ಪುಸ್ತಕ?" ಅಂತ ಕೇಳಿದರು. ಡಬ್ಬ ಎಳೆದು ಎಣಿಸಿದೆ. 111. ಅಚ್ಚು ಹಾಕಿಸಿದ್ದು 500. ಪರವಾಗಿಲ್ಲ, ಕನ್ನಡದಲ್ಲಿ ಹೆಸರೇ ಕೇಳದ ಒಂಬತ್ತು ಜನ ಬರೆದ ಕತೆ ಪುಸ್ತಕಕ್ಕೆ ಇದು ಅಷ್ಟೇನೂ ಕೆಟ್ಟ ಲೆಕ್ಕ ಅಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಒಂದು ಪ್ರತಿ ಬಿಡಿಸಿ ಓದಿದೆ. ನನ್ನ ಕತೆ ಅಲ್ಲ, ಕಲಬುರಗಿ ಮೇಡಂ ಕತೆ. ಈ ಪುಸ್ತಕದಲ್ಲಿ ಇರದೇ ಹೋಗಬೇಕಿದ್ದ ಕತೆ ಅದು. ಕಾರಣ ನಾನೇ.

ಮೊದಲಿಂದ ಹೇಳ್ತೀನಿ.

2021ರ ಲಾಕ್‌ಡೌನ್ ಸಮಯದಲ್ಲಿ ಆನ್‌ಲೈನಿನಲ್ಲಿ ಒಂದು ಕಥಾಕಮ್ಮಟ ನಡೆದಿತ್ತು. ಅಲ್ಲಿ ಪರಿಚಯ ಆದವರಲ್ಲಿ ಒಂಬತ್ತು ಜನ ಕಮ್ಮಟ ಮುಗಿದ ಮೇಲೂ ಒಬ್ಬರಿಗೊಬ್ಬರು ಕತೆ ಕಳಿಸಿಕೊಂಡು ಬೈದುಕೊಳ್ಳೋದನ್ನ ಬಿಡಲಿಲ್ಲ. ಕಲಬುರಗಿಯಲ್ಲಿ ಅತಿಥಿ ಶಿಕ್ಷಕಿಯಾಗಿರುವ ಮೇಡಂ, ನವಲಗುಂದದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಅಣ್ಣ, ಕಾಸರಗೋಡಿನ ಹತ್ತಿರದ ರಿಟೈರ್ಡ್ ಮೇಷ್ಟ್ರು, ಶಿರಸಿ ಕಡೆಯ ಅಡಿಕೆ ತೋಟದವರು, ಮುಂಬೈಯಲ್ಲಿ ಬ್ಯಾಂಕಿನ ಕೆಲಸದಲ್ಲಿರುವವರು, ದುಬೈಯಲ್ಲಿ ಒಬ್ಬರು, ಮೆಲ್ಬರ್ನಿನಲ್ಲಿ ಓದ್ತಿರೋ ಹುಡುಗಿ, ನ್ಯೂಜೆರ್ಸಿಯ ಎಡಿಸನ್ ಊರಿನ ಅಕ್ಕ, ಮತ್ತೆ ಬೆಂಗಳೂರಿನಲ್ಲಿ ಕೋಡ್ ಬರ್ಕೊಂಡಿರೋ ನಾನು. ಯಾರೂ ಯಾರ ಮುಖವನ್ನೂ ಕಣ್ಣೆದುರು ನೋಡಿರಲಿಲ್ಲ. 2024ರ ಶುರುವಿನಲ್ಲಿ ನವಲಗುಂದದ ಅಣ್ಣ, "ಹಿಂಗ ಎಷ್ಟ್ ದಿನಾ ನಾವ್ ನಾವೇ ಓದ್ಕೊಂತ ಕುಂದ್ರೂದು, ಒಂದು ಪುಸ್ತಕ ಮಾಡೂಣ್ರಲಾ" ಅಂದರು. ಎಲ್ಲರೂ ಹೂಂ ಅಂದರು. ಹೂಂ ಅನ್ನೋದು ಸುಲಭ ನೋಡಿ.

ಮೊದಲ ತಲೆನೋವು ಗಡಿಯಾರದ್ದು. ಒಂಬತ್ತೂ ಜನ ಎದ್ದಿರುವ ಹೊತ್ತು ದಿನಕ್ಕೆ ಒಂದೇ ಒಂದು ಸಿಕ್ಕಿತು. ಶನಿವಾರ ನಮ್ಮ ಸಂಜೆ ಆರೂವರೆ. ಆಗ ಎಡಿಸನ್ ಅಕ್ಕನಿಗೆ ಬೆಳಗ್ಗೆ ಒಂಬತ್ತು, ದುಬೈಯಲ್ಲಿ ಸಂಜೆ ಐದು, ಮೆಲ್ಬರ್ನ್ ಹುಡುಗಿಗೆ ರಾತ್ರಿ ಹನ್ನೊಂದು. ಅಕ್ಟೋಬರಿನ ಮೊದಲ ಭಾನುವಾರ ಮೆಲ್ಬರ್ನಿನ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಯ್ತು, ಪಾಪ ಅವಳಿಗೆ ಸರಿಯಾಗಿ ನಡುರಾತ್ರಿ. ನವೆಂಬರಿನಲ್ಲಿ ಅಮೆರಿಕದ ಗಡಿಯಾರ ಹಿಂದಕ್ಕೆ ಬಂತು. ಶಿರಸಿಯವರಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ, ಮಳೆ ಬಂದರೆ ಅವರ ನೆಟ್‌ವರ್ಕೇ ಇಲ್ಲ.

ದುಡ್ಡಿನ ವಿಷಯ ಬೇಗ ಮುಗೀತು. ತಲೆಗೆ 5,000. ಒಟ್ಟು 45,000. ಪ್ರಕಾಶಕರನ್ನ ಹುಡುಕುವ ಗೋಜಿಗೆ ಹೋಗಲಿಲ್ಲ, ನಾವೇ ಪ್ರಕಾಶಕರು. ಐಎಸ್‌ಬಿಎನ್ ಸಂಖ್ಯೆಗೆ ನಮ್ಮ ದೇಶದಲ್ಲಿ ದುಡ್ಡು ಕೊಡಬೇಕಿಲ್ಲ ಅನ್ನೋದು ನನಗೆ ಆಗಲೇ ಗೊತ್ತಾಗಿದ್ದು. ರಾಜಾ ರಾಮಮೋಹನ ರಾಯ್ ನ್ಯಾಷನಲ್ ಏಜೆನ್ಸಿ ಅಂತ ಇದೆ, ಅರ್ಜಿ ಹಾಕಿ ಕಾಯಬೇಕು ಅಷ್ಟೇ. ಕಲಬುರಗಿ ಮೇಡಂ ತಮ್ಮ ಪಾಲನ್ನ ಎರಡು ಕಂತಿನಲ್ಲಿ ಕೊಟ್ಟರು. ಎರಡನೇ ಕಂತು ಕಳಿಸಿದ ದಿನ ಫೋನ್ ಮಾಡಿ, "ಸರ, ತಡ ಆಯ್ತು, ಸಿಟ್ಟು ಬರಬ್ಯಾಡ್ರಿ" ಅಂದಿದ್ದರು. ಈ ಮಾತು ಆಮೇಲೆ ನನ್ನನ್ನ ಬಹಳ ಚುಚ್ಚಿತು.

ನಾನು ಕಂಪ್ಯೂಟರಿನವನು ಅಂತ ಎಲ್ಲ ಕತೆ ಒಂದು ಕಡೆ ಸೇರಿಸಿ ಅಚ್ಚಿಗೆ ಸಿದ್ಧ ಮಾಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಕತೆಗಳು ಬಂದ ರೀತಿ ನೋಡಬೇಕಿತ್ತು ನೀವು. ಅರ್ಧ ಜನ ಯೂನಿಕೋಡ್. ನವಲಗುಂದ, ಶಿರಸಿ, ಮುಂಬೈ ಹಳೇ ನುಡಿ ಫಾಂಟು. ಗೊತ್ತಿಲ್ಲದವರಿಗೆ ಹೇಳ್ತೀನಿ, ಆ ಹಳೇ ಫಾಂಟುಗಳಲ್ಲಿ ಕನ್ನಡ ಅಕ್ಷರದ ಚೂರುಗಳನ್ನ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರ್ತಾರೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆ ಮೇಲೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಪರಿವರ್ತಕಕ್ಕೆ ಹಾಕಿದರೆ ಕನ್ನಡ ಬರುತ್ತೆ, ಆದರೆ ಅರ್ಕಾವತ್ತು ಕಾಟ ಕೊಡುತ್ತೆ. ನಾವು ಉಚ್ಚರಿಸುವಾಗ 'ರ' ಮೊದಲು, ಬರೆಯುವಾಗ ಅರ್ಕಾವತ್ತು ಆಮೇಲೆ. ಯೂನಿಕೋಡ್ ಉಚ್ಚಾರದ ಕ್ರಮ ಹಿಡಿಯುತ್ತೆ, ಹಳೇ ಫಾಂಟು ಕಣ್ಣಿಗೆ ಕಾಣುವ ಕ್ರಮ. ಪರಿವರ್ತಕ ಎಡವಿದರೆ ಸೂರ್ಯ ಮುಳುಗಿ 'ಸೂಯರ್' ಹುಟ್ಟುತ್ತೆ. ಶಿರಸಿಯವರ ಕತೆಯಲ್ಲಿ ಒಂದು ಇಡೀ 'ಕಾಯರ್ಕ್ರಮ' ನಡೆದಿತ್ತು :)

ಕಾಸರಗೋಡಿನ ಮೇಷ್ಟ್ರದ್ದು ಇನ್ನೂ ಬೇರೆ. ಅವರು ಬರೆಯೋದು ಹಾಳೆಯಲ್ಲಿ. ಮೊಮ್ಮಗಳು ಫೋಟೋ ತೆಗೆದು ಕಳಿಸ್ತಿದ್ದಳು, ನಾನು ಕೂತು ಟೈಪ್ ಮಾಡ್ತಿದ್ದೆ. ಅವರ ಕತೆ ಒಂದು ಬಸ್ಸಿನಲ್ಲಿ ನಡೆಯೋದು. ಕಂಡಕ್ಟರು ಮಲಯಾಳ, ಮುದುಕ ಕನ್ನಡ, ಹಿಂದಿನ ಸೀಟಿನವರು ತುಳು. ಅಡಿಟಿಪ್ಪಣಿ ಹಾಕೋಣ್ವಾ ಮೇಷ್ಟ್ರೇ ಅಂದೆ. "ಎಂತಕ್ಕೆ ಮಾರಾಯ? 1956ರಿಂದ ನಾವು ಹೀಗೇ ಬಸ್ಸಿನಲ್ಲಿ ಹೋಗುವುದು. ಟಿಕೆಟಿನ ಹಿಂದೆ ಯಾರಾದ್ರೂ ಅರ್ಥ ಬರೆದು ಕೊಡ್ತಾರಾ?" ಅಂದರು. ನಾನು ನಕ್ಕು ಬಿಟ್ಟುಬಿಟ್ಟೆ. ಆವತ್ತು ಅವರು ಹೇಳಿದ್ದು ಬರೀ ಅವರ ಕತೆಗೆ ಅಂದುಕೊಂಡೆ. ದಡ್ಡ.

ಎಲ್ಲ ಸೇರಿಸಿದ ಮೇಲೆ ಒಂದು ಶೈಲಿಪಟ್ಟಿ ಮಾಡಿದೆ. ಕಥೆ ಅಲ್ಲ ಕತೆ, ಮಾತಿಗೆ ಎರಡು ಗೀಟಿನ ಉದ್ಧರಣ ಚಿಹ್ನೆ, ಸಂಖ್ಯೆ ಹೀಗೆ, ಅಲ್ಪವಿರಾಮ ಹಾಗೆ. ಆಫೀಸಿನಲ್ಲಿ ಹತ್ತು ಜನ ಒಂದೇ ಕೋಡ್ ಬರೆಯುವಾಗ ಮಾಡೋದೇ ಇದು. ಯಾರು ಬರೆದರೂ ಒಬ್ಬರೇ ಬರೆದ ಹಾಗೆ ಕಾಣಬೇಕು. ಇದಕ್ಕೆ ಯಾರದ್ದೂ ತಕರಾರು ಇರಲಿಲ್ಲ. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು.

ನವಲಗುಂದದ ಅಣ್ಣನ ಕತೆಯೂ ಕಲಬುರಗಿ ಮೇಡಂ ಕತೆಯೂ ಪುಸ್ತಕದಲ್ಲಿ ಅಕ್ಕಪಕ್ಕ ಬಂದಿದ್ದವು. ಅಣ್ಣನ ಕತೆಯಲ್ಲಿ 'ಮಳಿ ಬರಾಕತ್ತೈತಿ'. ಮೇಡಂ ಕತೆಯಲ್ಲಿ 'ಮಳಿ ಬರ್ಲತ್ತದ'. ತುಮಕೂರು ಜಿಲ್ಲೆಯ ನನಗೆ ಎರಡೂ 'ಉತ್ತರ ಕರ್ನಾಟಕದ ಭಾಷೆ'. ಒಂದೇ ಭಾಷೆ ಎರಡು ಥರ ಇದ್ದರೆ ಓದುವವರಿಗೆ ಗೊಂದಲ ಆಗಲ್ವಾ? ಸಿನಿಮಾದಲ್ಲಿ, ನಾಟಕದಲ್ಲಿ ಕೇಳಿ ಕೇಳಿ ಕಿವಿಗೆ ಗೊತ್ತಿದ್ದದ್ದು ಧಾರವಾಡದ ಕಡೆಯದು. ಅದೇ ಸರಿ ಅಂತ ತೀರ್ಮಾನ ಮಾಡಿ, ಒಂದು ರಾತ್ರಿ ಪೈಥಾನಿನಲ್ಲಿ ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಬರೆದೆ. 'ಬರ್ಲತ್ತ' ಇದ್ದಲ್ಲಿ 'ಬರಾಕತ್ತ'. 'ಅದ' ಇದ್ದಲ್ಲಿ 'ಐತಿ'.

ಮೊದಲ ಸಲ ಓಡಿಸಿದಾಗ ಏನಾಯ್ತು ಗೊತ್ತಾ? ಕತೆಯಲ್ಲಿದ್ದ 'ಅದು' ಎಲ್ಲವೂ 'ಐತಿ' ಆಗಿ, ಪಕ್ಕದಲ್ಲಿ ಒಂಟಿ ಕೊಂಬು ನೇತಾಡ್ತಿತ್ತು. ಪದದ ಕೊನೆ ಎಲ್ಲಿ ಅಂತ ಗುರುತಿಸುವಾಗ ಪೈಥಾನಿನ ರೆಗೆಕ್ಸ್ ಕಾಗುಣಿತದ ಚಿಹ್ನೆಗಳನ್ನ ಅಕ್ಷರ ಅಂತ ಒಪ್ಪೋದೇ ಇಲ್ಲ. ಅದರ ಕಣ್ಣಿಗೆ 'ಅದು' ಪದ 'ಅದ' ಅನ್ನುವಲ್ಲೇ ಮುಗಿದು ಹೋಗಿರುತ್ತೆ. ಎರಡು ಗಂಟೆ ಕೂತು ಆ ಬಗ್ ಸರಿ ಮಾಡಿದೆ. ಒಂದೊಂದೇ ಸಾಲು ಪರೀಕ್ಷಿಸಿದೆ. ಎಲ್ಲೂ ಒಂಟಿ ಕೊಂಬಿಲ್ಲ ಅಂತ ಖಾತ್ರಿಯಾದ ಮೇಲೆ ಬೆಳಗಿನ ಜಾವ ಎರಡಕ್ಕೆ ಮಲಗಿದೆ. ಎಂಥಾ ನೆಮ್ಮದಿ ಅಂತೀರಿ! ಎಲ್ಲವನ್ನೂ ಪರೀಕ್ಷಿಸಿದ್ದೆ, ಮೇಡಮ್ಮನ್ನ ಕೇಳೋದೊಂದು ಬಿಟ್ಟು.

ಅಕ್ಟೋಬರಿನಲ್ಲಿ ಎಲ್ಲರಿಗೂ ಪ್ರೂಫ್ ಕಳಿಸಿದೆ. ಎರಡು ದಿನದಲ್ಲಿ ಏಳು ಜನರ ತಿದ್ದುಪಡಿ ಬಂತು. ಮೇಡಂ ಮಾತ್ರ ಸುದ್ದಿಯೇ ಇಲ್ಲ. ಐದನೇ ದಿನ ಒಂದು ಮೇಲ್.

"ಸರ, ನನ್ನ ಕತಿ ಈ ಪುಸ್ತಕದಾಗಿಂದ ತೆಗದ್‌ಬಿಡ್ರಿ. ಕೊಟ್ಟ ರೊಕ್ಕ ವಾಪಸ್ ಬ್ಯಾಡ. ಪುಸ್ತಕ ಚಂದ ಬರಲಿ."

ಅಷ್ಟೇ. ನನಗೆ ಮೊದಲು ಬಂದಿದ್ದು ಸಿಟ್ಟು. ತಿಂಗಳುಗಟ್ಟಲೆ ಆಫೀಸಿನಿಂದ ಬಂದು ರಾತ್ರಿ ಹನ್ನೆರಡರ ತನಕ ಕೂತಿದ್ದೀನಿ, ಇವರಿಗೆ ನಾಲ್ಕು ಕ್ರಿಯಾಪದ ದೊಡ್ಡದಾಯ್ತಾ? ಉದ್ದದ ಉತ್ತರ ಬರೆದೆ. ಓದುಗರು, ಏಕರೂಪತೆ, ಸಂಪಾದಕನ ಜವಾಬ್ದಾರಿ ಅಂತೆಲ್ಲ. ಕಳಿಸುವ ಮುಂಚೆ ಎಡಿಸನ್ ಅಕ್ಕನಿಗೆ ತೋರಿಸಿದೆ, ಬೆನ್ನು ತಟ್ಟುತ್ತಾರೆ ಅಂತ. ಅವರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು. "ಬದಲಾಯಿಸೋ ಮುಂಚೆ ಅವಳನ್ನ ಒಂದು ಮಾತು ಕೇಳಿದ್ಯಾ?" ಇಲ್ಲ ಅಂದೆ. "ಹಾಗಾದ್ರೆ ಈ ಪತ್ರ ಹರಿದು ಹಾಕು. ಫೋನ್ ಮಾಡು." ನವಲಗುಂದದ ಅಣ್ಣನಿಗೂ ಅಷ್ಟರಲ್ಲಿ ವಿಷಯ ತಿಳಿದು, "ತಮ್ಮಾ, ನಮ್ಮ ಮಾತು ಒಯ್ದು ಆಕಿ ಬಾಯಾಗ ತುರುಕೀದಿ. ನನಗರ ಏನ್ ಲಾಭ ಐತೋ ಅದರಾಗ?" ಅಂದರು. ಯಾರ ಪರವಾಗಿ ವಾದ ಮಾಡಬೇಕು ಅಂದುಕೊಂಡಿದ್ದೆನೋ ಅವರೇ ಕೈ ಕೊಟ್ಟರು.

ಫೋನ್ ಮಾಡಿದೆ. ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಸರ, ನನ್ನ ಕತಿಯಾಗಿನ ಮುದುಕಿ ಆಳಂದ ತಾಲೂಕು ಬಿಟ್ಟು ಹೊರಗ ಹೋದಾಕಿ ಅಲ್ಲ. ಒಮ್ಮಿ ಗಾಣಗಾಪುರಕ್ಕ ಹೋಗಿದ್ಳು, ಅಷ್ಟೇ. ನಮ್ಮ ಮುದುಕಿ ಧಾರವಾಡಕ್ಕ ಯಾವಾಗ ಹೋಗಿದ್ಳು ಹೇಳ್ರಿ?"

ತೊಗರಿ ಮಾರಿ ಬಂದ ದುಡ್ಡನ್ನ ಮಗನ ಕಣ್ಣಿಗೆ ಬೀಳದ ಹಾಗೆ ಬಚ್ಚಿಡುವ ಮುದುಕಿಯ ಕತೆ ಅದು. ಮೇಡಂ ಹೇಳ್ತಾ ಹೋದರು. ಪಾಠದ ಪುಸ್ತಕದಲ್ಲಿ ಒಂದು ಭಾಷೆ, ಟೀವಿಯಲ್ಲಿ ಒಂದು ಭಾಷೆ, ನಗಿಸಬೇಕಾದರೆ ಧಾರವಾಡದ ಭಾಷೆ. ತಮ್ಮ ಕಡೆಯ ಮಾತು ಅಚ್ಚಿನಲ್ಲಿ ನೋಡಬೇಕು ಅಂತಲೇ ಈ ಕತೆ ಬರೆದಿದ್ದು, ಐದು ಸಾವಿರ ಕೊಟ್ಟಿದ್ದೂ ಅದಕ್ಕೇ ಅಂತ. ನಾನು ಸಾರಿ ಅಂದೆ. ಗಿಟ್‌ನಲ್ಲಿ ಹಳೇ ಪ್ರತಿ ಇದೆ, ಒಂದು ಕಮಾಂಡ್ ಕೊಟ್ಟರೆ ಎಲ್ಲ ವಾಪಸ್ ಬರುತ್ತೆ ಮೇಡಂ, ಈಗಲೇ ಮಾಡ್ತೀನಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಬೇರೆಯೇ ಏನೋ ಕೇಳಿದರು.

"ಸರ, ನಿಮ್ಮ ಕತಿ ಓದ್ದೆ. ನಿಮ್ಮ ಅಜ್ಜಿ ಯಾಕ ರೇಡಿಯೋದಾಗ ಮಾತಾಡಿದಂಗ ಮಾತಾಡ್ತಾಳ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮಜ್ಜಿ ತಿಪಟೂರಿನ ಹತ್ತಿರದ ಹಳ್ಳಿಯವಳು. ನಮ್ಮ ಕಡೆ ತೆಂಗಿನಕಾಯಿಯನ್ನ ಸಿಪ್ಪೆ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಹಾಗೇ ಬಿಡ್ತಾರೆ. ನೀರು ಒಳಗೊಳಗೇ ಆರಿ, ಕೊಬ್ಬರಿ ಕರಟ ಬಿಟ್ಟು ಗುಂಡಗೆ ಆಗುವ ತನಕ ವರ್ಷವೇ ಹಿಡೀಬಹುದು. ಅಜ್ಜಿ ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿ, ಒಳಗಿನ ಸದ್ದು ಕೇಳಿಯೇ ಆಗಿದೆಯೋ ಇಲ್ಲವೋ ಹೇಳ್ತಿದ್ದಳು. ನನ್ನ ಕತೆ ಅದರ ಬಗ್ಗೆ. ಕತೆಯಲ್ಲಿ ನಾನು ಬರೆದಿದ್ದೆ: "ಮಗು, ಇದು ಇನ್ನೂ ಒಣಗಿಲ್ಲ. ಮೇಲೆ ಇಟ್ಟುಬಿಡು." ಅಜ್ಜಿ ಜನ್ಮದಲ್ಲಿ ನನ್ನನ್ನ 'ಮಗು' ಅಂದವಳಲ್ಲ. ಅವಳು ಹೇಳ್ತಿದ್ದದ್ದು "ಇನ್ನಾ ಒಣಗಿಲ್ಲ ಕಣ್ಲಾ, ಮ್ಯಾಕಾಕು" ಅಂತ.

ಯಾಕೆ ಹಾಗೆ ಬರೆದೆ ಅಂತ ಆ ರಾತ್ರಿ ಯೋಚನೆ ಮಾಡಿದೆ. ಇಂಜಿನಿಯರಿಂಗ್ ಮೊದಲ ವರ್ಷ ಹಾಸ್ಟೆಲಿನಲ್ಲಿ ನಾನು 'ಹಾಲು' ಅಂದರೆ ಅವರಿಗೆ 'ಆಲು' ಅಂತ ಕೇಳಿಸ್ತಿತ್ತು. ಊಟದ ಸಾಲಿನಲ್ಲಿ ನಿಲ್ಲಿಸಿ "ಹತ್ತು ಹಳ್ಳಿ ಹುಡುಗ್ರು ಹಾಲು ಹಾಕಿದ್ರು" ಅಂತ ಹೇಳಿಸಿ ಇಡೀ ಮೆಸ್ಸು ನಗ್ತಿತ್ತು. ಒಂದು ವರ್ಷದಲ್ಲಿ ನನ್ನ ಹಕಾರ ಸರಿಯಾಯ್ತು, ಎಷ್ಟು ಸರಿಯಾಯ್ತು ಅಂದರೆ ಊರಿಗೆ ಹೋದಾಗ ಅಜ್ಜಿಯೇ "ಇದೇನ್ಲಾ ಪ್ಯಾಟೆಯೋನಂಗ್ ಮಾತಾಡ್ತೀಯ" ಅಂದಿದ್ದಳು. ಈಗ ಅವಳಿಲ್ಲ. ಹಾಸ್ಟೆಲಿನವರು ನನಗೆ ಮಾಡಿದ್ದನ್ನ ನಾನು ಸತ್ತ ಅಜ್ಜಿಗೂ, ಕಲಬುರಗಿಯ ಮುದುಕಿಗೂ ಮಾಡಿದ್ದೆ. ಅವರು ಬಾಯಲ್ಲಿ ಮಾಡಿದರು, ನಾನು ಸ್ಕ್ರಿಪ್ಟ್ ಬರೆದು ಮಾಡಿದೆ.

ಮೇಡಂ ಫೋನಿನಲ್ಲಿ ಕೊನೆಗೆ ಹೇಳಿದ್ದು ಇಷ್ಟು: "ನಿಮ್ಮ ಅಜ್ಜಿ ಮಾತು ಬರ್ದು ಕಳಸ್ರಿ. ಆಮ್ಯಾಲ ನನ್ನ ಕತಿ ವಿಚಾರ ಮಾಡೋಣು."

ಹತ್ತು ದಿನ ತಗೊಂಡೆ. ಸುಲಭ ಅಂದುಕೊಂಡಿದ್ದೆ, ಮಾತೇ ಬರಲಿಲ್ಲ. ಅಮ್ಮನಿಗೆ ದಿನಾ ಫೋನ್ ಮಾಡಿ ಅಜ್ಜಿ ಇದಕ್ಕೆ ಏನಂತಿದ್ಳು, ಅದಕ್ಕೆ ಏನಂತಿದ್ಳು ಅಂತ ಕೇಳಿ ಕೇಳಿ ಬರೆದೆ. ಅಮ್ಮ ಒಂದು ದಿನ ಹೇಳ್ತಾ ಹೇಳ್ತಾ ಅತ್ತುಬಿಟ್ಟರು, ಆಮೇಲೆ ನಗೋಕೆ ಶುರು ಮಾಡಿದರು. ಮಾತು ಬದಲಾದ ಮೇಲೆ ಅಜ್ಜಿ ನಾನು ಹೇಳಿದ ಹಾಗೆ ಕೇಳದೆ ಬೇರೇನೇ ಹೇಳತೊಡಗಿದಳು, ಕತೆಗೆ ಒಂದು ಹೊಸ ಜಗಳ ಸೇರಿತು. ಮೇಡಮ್ಮಿಗೆ ಕಳಿಸಿದೆ. ಅದೇ ಸಂಜೆ ಉತ್ತರ ಬಂತು. "ಈಗ ಅಜ್ಜಿ ಬಂದ್ಳು ನೋಡ್ರಿ. ನನ್ನ ಕತಿ ಹಾಕ್ರಿ."

ಪ್ರೆಸ್ಸಿನ ಕತೆ ಇನ್ನೊಂದು. ನಮಗೆ ದುಡ್ಡಿಗೆ ಸರಿಹೊಂದಿದ ಪ್ರೆಸ್ಸಿನವರು ಇನ್ನೂ ಪೇಜ್‌ಮೇಕರಿನಲ್ಲೇ ಇದ್ದರು. 2001ರಲ್ಲಿ ಬಂದ ಏಳನೇ ಆವೃತ್ತಿಯೇ ಅದರ ಕೊನೆಯದು, ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ಅಂದರೆ ನಾನು ಕಷ್ಟಪಟ್ಟು ಯೂನಿಕೋಡ್ ಮಾಡಿದ್ದನ್ನೆಲ್ಲ ಅವರು ಮತ್ತೆ ಹಳೇ ಫಾಂಟಿಗೆ ತಿರುಗಿಸಿದರು. ಸೂರ್ಯ ಮತ್ತೆ ಮುಳುಗಿದ. ಮತ್ತೆ ಒಂದೊಂದೇ ಅರ್ಕಾವತ್ತು ಹುಡುಕಿದ್ದಾಯ್ತು. ಅದರ ಮೇಲೆ ಪುಟದ ಲೆಕ್ಕ. ಪುಸ್ತಕ ಮೊದಲು ಸರಿಯಾಗಿ 144 ಪುಟ, ಹದಿನಾರರ ಒಂಬತ್ತು ಫಾರಂ. ಅಜ್ಜಿಯ ಜಗಳ ಸೇರಿ 147 ಆಗಿತ್ತು. "ಸಾರ್, ಮೂರು ಪುಟಕ್ಕೆ ಅರ್ಧ ಫಾರಂ ದುಡ್ಡು ಕೊಡ್ಬೇಕಾಗುತ್ತೆ, ಏನಾದ್ರೂ ಕಡಿಮೆ ಮಾಡಿ" ಅಂದರು ಪ್ರೆಸ್ಸಿನವರು. ಕಡಿಮೆ ಮಾಡೋದು ಬೇಡ, ಆ ಹೆಚ್ಚಿನ ದುಡ್ಡು ನಾನೇ ಹಾಕ್ತೀನಿ ಅಂದೆ. 152 ಪುಟ ಆಯ್ತು.

ಖಾಲಿ ಉಳಿದ ಐದು ಪುಟದಲ್ಲಿ ನಾಲ್ಕಕ್ಕೆ ಎಲ್ಲರ ಪರಿಚಯ ಹಾಕಿದೆವು. ಐದನೆಯದಕ್ಕೆ ಉಪಾಯ ಹೇಳಿದ್ದು ಕಾಸರಗೋಡಿನ ಮೇಷ್ಟ್ರು. ಒಂದೇ ವಾಕ್ಯವನ್ನ ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಹೇಳುವ ಹಾಗೆ ಬರೆಯುವುದು. ಮಳಿ ಬರ್ಲತ್ತದ. ಮಳಿ ಬರಾಕತ್ತೈತಿ. ಮಳೆ ಬರ್ತಾ ಉಂಟು. ಮಳೆ ಬತ್ತಾ ಐತೆ. ಹೀಗೆ. ದುಬೈಯವರು "ಇಲ್ಲಿ ಬರೋದಿಲ್ಲ" ಅಂತ ಬರೆದು ಕಳಿಸಿದರು, ಹಾಗೇ ಹಾಕಿದೆವು. ಪುಸ್ತಕ ಓದಿದವರು ಕತೆಗಳ ಬಗ್ಗೆ ಹೇಳಿದ್ದಕ್ಕಿಂತ ಈ ಪುಟದ ಬಗ್ಗೆ ಹೇಳಿದ್ದೇ ಹೆಚ್ಚು. ಕತೆಗಾರರಾಗಿ ನಮಗೆ ಸ್ವಲ್ಪ ಅವಮಾನವೇ, ಇರಲಿ.

2025ರ ಜನವರಿಯಲ್ಲಿ ಪುಸ್ತಕ ಕೈಗೆ ಬಂತು. ಅದಕ್ಕೆ ಸರಿಯಾಗಿ ಹಿಂದಿನ ಡಿಸೆಂಬರಿನಲ್ಲೇ ಅಂಚೆ ಇಲಾಖೆ ಪುಸ್ತಕಗಳಿಗಿದ್ದ ಕಡಿಮೆ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಲ್ಲಿಸಿತ್ತು. ನಮ್ಮ ಅಂಚೆ ಲೆಕ್ಕವೆಲ್ಲ ತಲೆಕೆಳಗು. ಎಡಿಸನ್ ಅಕ್ಕ ಊರಿಗೆ ಬಂದಿದ್ದವರು ವಾಪಸ್ ಹೋಗುವಾಗ ಚಟ್ನಿಪುಡಿ ತೆಗೆದಿಟ್ಟು ಸೂಟ್‌ಕೇಸಿನಲ್ಲಿ 20 ಪ್ರತಿ ತುಂಬಿಕೊಂಡರು. ಅವರನ್ನ ಕಣ್ಣಾರೆ ನೋಡಿದ್ದು ಆಗಲೇ. ನಾನು ಅಂದುಕೊಂಡಿದ್ದಕ್ಕಿಂತ ಕುಳ್ಳಗಿದ್ದರು.

ಕಲಬುರಗಿಗೆ ಮಾತ್ರ ಪಾರ್ಸೆಲ್ ಮಾಡಲಿಲ್ಲ. ಫೆಬ್ರವರಿಯಲ್ಲಿ ಒಂದು ಶುಕ್ರವಾರ ರಾತ್ರಿ 40 ಪ್ರತಿ ಹೊತ್ತುಕೊಂಡು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಳಗ್ಗೆ ಇಳಿದೆ. ಮೇಡಂ ಸ್ಟೇಷನ್ನಿಗೆ ಬಂದಿದ್ದರು. "ಇಷ್ಟು ಸಣ್ಣಾಂವ ಇದ್ದೀರಲ್ಲ ಸರ ನೀವು" ಅಂದರು. ಅಲ್ಲಿಂದ ಬಸ್ಸು ಹಿಡಿದು ಅವರ ಗಂಡನ ಊರಿಗೆ ಕರೆದುಕೊಂಡು ಹೋದರು. ಅಲ್ಲಿ ಅವರ ಅತ್ತೆ ಇದ್ದರು. ಕತೆಯ ಮುದುಕಿ ಅವರೇ.

ಮಧ್ಯಾಹ್ನ ರೊಟ್ಟಿ ಊಟ ಆದ ಮೇಲೆ, ಮಗ ಹೊಲದ ಕಡೆ ಹೋಗಿದ್ದಾನೆ ಅಂತ ಖಾತ್ರಿ ಮಾಡಿಕೊಂಡು ಮೇಡಂ ಕಟ್ಟೆಯ ಮೇಲೆ ಕೂತು ಕತೆ ಓದಿದರು. ಮುದುಕಿ ಎಲೆಅಡಿಕೆ ಜಗಿಯುತ್ತಾ ಕೇಳಿದರು. ಎಲ್ಲೂ ನಗಲಿಲ್ಲ. ತಮ್ಮದೇ ಮಾತು ಬಂದಲ್ಲೆಲ್ಲ "ಹೂಂ, ಖರೆ" ಅನ್ನುತ್ತಿದ್ದರು. ಮುಗಿದ ಮೇಲೆ ನನ್ನ ಕಡೆ ತಿರುಗಿ, "ಇದು ಬೆಂಗಳೂರಾಗ ಮಂದಿ ಓದ್ತಾರೇನಪ್ಪ?" ಅಂದರು. ಓದ್ತಾರಮ್ಮ ಅಂದೆ.

"ಛಲೋ ಆಯ್ತು. ಆದ್ರ ರೊಕ್ಕ ನಾ ತೊಗರಿ ಗಡಿಗ್ಯಾಗ ಇಟ್ಟಿದ್ದಿಲ್ಲ, ಈಕಿ ತಪ್ಪು ಬರ್ದಾಳ."

"ಮತ್ತ ಎಲ್ಲಿ ಇಟ್ಟಿದ್ರಿ ಅತ್ತಿ?" ಅಂತ ಮೇಡಂ ಕೇಳಿದರು.

"ಅದ್ ನಾ ಯಾಕ ಹೇಳ್ಲಿ?" ಅಂದು ಮುದುಕಿ ಎದ್ದು ಒಳಗೆ ಹೋದರು.